ಹದಿನಾಲ್ಕನೇ ಫಾರಂ

"ಈ ಪುಸ್ತಕ ಮುಗಿದೇ ಇಲ್ಲ," ಎಂದಳು ಅಂಟು.

ಲೈಬ್ರರಿಯ ಮಹಡಿ ಕೋಣೆಯಲ್ಲಿ ಕೂತಿದ್ದವರೆಲ್ಲ ಅವಳ ಕಡೆ ತಿರುಗಿದರು. ಆಮೇಲೆ ಜಡ್ಜ್ ನಗಲು ಶುರುಮಾಡಿದ. ಅವನು ನಕ್ಕರೆ ಕೂತ ಕುರ್ಚಿಯೂ ಕಿರ್ ಕಿರ್ ಎನ್ನುತ್ತಿತ್ತು.

"ಮುಗಿದಿಲ್ವಾ? ಇನ್ನೂರ ಎಂಟು ಪೇಜ್ ಇದೆ ಕಣೇ! ಇನ್ನೆಷ್ಟು ಬೇಕು ನಿಂಗೆ?"

ಅವನ ನಿಜವಾದ ಹೆಸರು ಹಿಡಿದು ಅಲ್ಲಿ ಯಾರೂ ಕರೆಯುತ್ತಿರಲಿಲ್ಲ. ಓದಿದ ಪ್ರತಿ ಪುಸ್ತಕಕ್ಕೂ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಕೊಡುತ್ತಿದ್ದುದರಿಂದ ಅವನು ಜಡ್ಜ್. ಇನ್ನೂ ಒಂಬತ್ತನೇ ಕ್ಲಾಸು, ಆದರೆ ಕೈ ಬಲು ಬಿಗಿ. ಅವನ ಹತ್ತಿರ ಏಳು ಮಾರ್ಕ್ಸ್ ದಾಟಿದ ಪುಸ್ತಕಗಳು ಇಡೀ ಲೈಬ್ರರಿಯಲ್ಲಿ ನಾಲ್ಕೇ ನಾಲ್ಕು. ಅವುಗಳಲ್ಲಿ ಒಂದು ಈಗ ಮೇಜಿನ ನಡುವೆ ಇತ್ತು. ಹೆಸರು 'ಗಂಟೆಯ ಊರು'. ಅದಕ್ಕೆ ಅವನು ಕೊಟ್ಟದ್ದು ಒಂಬತ್ತು!

ಅಂಟುವಿಗೂ ಒಂದು ಒಳ್ಳೆಯ ಹೆಸರು ಇತ್ತು ಅನ್ನಿ. ಆದರೆ ಅವಳಪ್ಪ ಬುಕ್ ಬೈಂಡರ್. ಅವಳು ಎಷ್ಟು ಸಲ ಕೈ ತೊಳೆದರೂ ಬೆರಳ ಸಂದಿಯಲ್ಲಿ ಚೂರು ಅಂಟು ಒಣಗಿರುತ್ತಿತ್ತು. ಸ್ಕೂಲಿನಲ್ಲಿ ಯಾರೋ ಹಾಗೆ ಕರೆದರು, ಹೆಸರು ಅವಳನ್ನು ಬಿಡಲೇ ಇಲ್ಲ.

ಪ್ರತಿ ಶನಿವಾರ ನಾಲ್ಕು ಗಂಟೆಗೆ ಈ ಕೋಣೆಯಲ್ಲಿ ಏಳೆಂಟು ಮಕ್ಕಳು ಸೇರುತ್ತಿದ್ದರು. ಒಂದೇ ಪುಸ್ತಕವನ್ನು ಎಲ್ಲರೂ ಸರದಿಯಂತೆ ಓದಿ, ಅದರ ಬಗ್ಗೆ ಜಗಳ ಆಡುವುದು ಅವರ ಕೆಲಸ. ಗುಂಪಿಗೆ ಸೇರಲು ಹದಿಮೂರು ತುಂಬಿರಬೇಕು. ಅಂಟುವಿಗೆ ಹನ್ನೊಂದು. ಲೈಬ್ರರಿ ಮೇಡಂ ಹತ್ತಿರ ಗೋಗರೆದು, ಒಂದು ತಿಂಗಳ ಮಟ್ಟಿಗೆ ಕೂರಲು ಅನುಮತಿ ಪಡೆದಿದ್ದಳು. ಮುಂದಿನ ಶನಿವಾರಕ್ಕೆ ತಿಂಗಳು ಮುಗಿಯುತ್ತಿತ್ತು. ಆವತ್ತು ಎಲ್ಲರೂ ಕೈ ಎತ್ತಿ ಹೇಳಬೇಕು, ಇವಳು ಇರಬೇಕೋ ಬೇಡವೋ ಎಂದು.

ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಜಾಣತನ. ಅಂಟುವಿಗೆ ಅದು ಗೊತ್ತಿತ್ತು. ಆದರೂ ಬಾಯಿ ಕೇಳಲಿಲ್ಲ.

"ಪೇಜ್ ಎಷ್ಟಿದ್ರೇನಣ್ಣ? ಕತೆ ಮುಗೀಬೇಕಲ್ವಾ?"

"ಅದನ್ನ ಓಪನ್ ಎಂಡಿಂಗ್ ಅಂತಾರೆ," ಎಂದ ಜಡ್ಜ್. "ಬರೆದೋರು ಬೇಕು ಅಂತಲೇ ಹಾಗೆ ಬಿಟ್ಟಿದಾರೆ. ದೊಡ್ಡವರ ಪುಸ್ತಕ ಕಣೇ ಇದು."

'ಗಂಟೆಯ ಊರು' ಮುಂದೊಂದು ಕಾಲದಲ್ಲಿ ಎಲ್ಲ ಕೆಟ್ಟು ಕೂತ ಊರಿನ ಕತೆ. ಅಂಥವನ್ನು ಗುಂಪಿನವರು ಡಿಸ್ಟೋಪಿಯಾ ಎನ್ನುತ್ತಿದ್ದರು. ಆ ಊರಿನಲ್ಲಿ ಯಾರೂ ಗಡಿಯಾರ ಇಟ್ಟುಕೊಳ್ಳುವಂತಿಲ್ಲ. ಎತ್ತರದ ಗೋಪುರದಲ್ಲಿ ಗಂಟೆ ಹೊಡೆದಾಗ ಏಳಬೇಕು, ಹೊಡೆದಾಗ ಮಲಗಬೇಕು. ಒಬ್ಬಳು ಹುಡುಗಿ ತೂತಿನ ಮಡಕೆಯಿಂದ ನೀರು ತೊಟ್ಟಿಕ್ಕಿಸಿ ಹೊತ್ತು ಅಳೆಯುತ್ತಾಳೆ. ಊರನ್ನು ಆಳುವವರು ದುಡಿಮೆಯ ಹೊತ್ತನ್ನು ಯಾರಿಗೂ ತಿಳಿಯದಂತೆ ದಿನದಿನವೂ ಉದ್ದ ಮಾಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತದೆ. ಕೊನೆಗೆ ಅವಳು ಗೋಪುರ ಹತ್ತಿ ಗಂಟೆಯ ಹಗ್ಗ ಹಿಡಿಯುತ್ತಾಳೆ. 'ಕೆಳಗೆ ಇಡೀ ಊರು ಕತ್ತೆತ್ತಿ ನೋಡುತ್ತಿತ್ತು.' ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

"ನಂಗಂತೂ ಈ ಕೆಟ್ಟುಹೋದ ಊರುಗಳ ಸಹವಾಸವೇ ಸಾಕಾಗಿದೆ," ಎಂದ ಫೈಟು. ಹತ್ತು ಪುಟಕ್ಕೊಂದು ಹೊಡೆದಾಟ ಇಲ್ಲದಿದ್ದರೆ ಅವನು ಪುಸ್ತಕ ಮುಚ್ಚಿಡುತ್ತಿದ್ದ. "ಯಾವಾಗ ನೋಡಿದ್ರೂ ಮೋಡ, ಹೊಗೆ. ಒಬ್ಬನಾದ್ರೂ ನಗ್ತಾನಾ? ಅಡ್ವೆಂಚರ್ ಪುಸ್ತಕ ಆದ್ರೆ ಕೊನೇಪಕ್ಷ ಒಂದು ದೋಣಿ ಮುಳುಗುತ್ತೆ."

"ಅಡ್ವೆಂಚರ್ ಪುಸ್ತಕದಲ್ಲಿ ಮೊದಲನೇ ಪೇಜಲ್ಲೇ ಮ್ಯಾಪ್ ಹಾಕಿರ್ತಾರೆ," ಎಂದ ಜಡ್ಜ್. "ಊರು ತಲುಪೇ ತಲುಪ್ತಾನೆ ಅಂತ ಆಗ್ಲೇ ಗೊತ್ತಾಗೋಗುತ್ತೆ. ಆಮೇಲೆ ಓದೋದ್ಯಾಕೆ?"

ಜಡೆಯಕ್ಕ ಇಷ್ಟು ಹೊತ್ತು ಸುಮ್ಮನಿದ್ದಳು. ಹತ್ತನೇ ಕ್ಲಾಸಿನವಳು, ಉದ್ದ ಜಡೆಯವಳು, ಗುಂಪಿಗೆ ಅವಳೇ ಲೀಡರ್. ಅವಳು ಬಾಯಿ ತೆರೆದರೆ ಜಡ್ಜ್ ಕೂಡ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ.

"ಈ ಪುಸ್ತಕ ಓದಿದ್ಮೇಲೆ ನಂಗೆ ಸ್ಕೂಲ್ ಬೆಲ್ ಕೇಳಿದಾಗೆಲ್ಲ ಒಂಥರಾ ಆಗುತ್ತೆ," ಎಂದಳು. "ಇದನ್ನ ಹೊಡೆಯೋರು ಯಾರು, ನಾನ್ಯಾಕೆ ಏಳ್ತಿದೀನಿ ಅಂತ. ಅವಳು ಹಗ್ಗ ಎಳೆದಳಾ ಇಲ್ವಾ ಅಂತ ಹೇಳಿಬಿಟ್ಟಿದ್ರೆ ನಾನು ಇದನ್ನೆಲ್ಲ ಯೋಚಿಸ್ತಾನೇ ಇರ್ಲಿಲ್ಲ. ಅದಕ್ಕೇ ಹಾಗೆ ಬಿಟ್ಟಿದಾರೆ ಪುಟ್ಟಿ."

ಅವಳು ಸಿಟ್ಟಿಲ್ಲದೆ ಹೇಳಿದಳು. ಅದೇ ಅಂಟುವಿಗೆ ಇನ್ನೂ ಕಷ್ಟವಾಯಿತು.

"ಆದ್ರೆ ಅಕ್ಕ, ಗಂಟು? ಐವತ್ತೊಂದನೇ ಪುಟದಲ್ಲಿ ಅವಳು ತಮ್ಮನ ಕೈಗೆ ಬಟ್ಟೆ ಗಂಟು ಕೊಡ್ತಾಳಲ್ಲ? 'ನಾನು ಗೋಪುರ ಹತ್ತಿದ ಮೇಲೆ ಬಿಚ್ಚು' ಅಂತಾಳೆ. ಆಮೇಲೆ ಮೂರು ಸಲ ಆ ಗಂಟಿನ ಮಾತು ಬರುತ್ತೆ. ಅದರಲ್ಲಿ ಏನಿತ್ತು ಅಂತ ಹೇಳೋದೇ ಇಲ್ಲ. ಅಷ್ಟು ಜೋಪಾನ ಮಾಡಿ ಇಟ್ಟಿದ್ದನ್ನ ಯಾರಾದ್ರೂ ಮರೀತಾರಾ?"

"ಲೈಫಲ್ಲಿ ಎಲ್ಲ ಗಂಟೂ ಬಿಚ್ಚಲ್ಲ ಕಣೇ," ಎಂದ ಜಡ್ಜ್. ಎಲ್ಲರೂ ನಕ್ಕರು. ಅವಮಾನದಿಂದ ಅಂಟುವಿನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಲೈಬ್ರರಿ ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡರು. "ಮುಂದಿನ ಭಾನುವಾರ ಓದುಗರ ದಿನ, ನೆನಪಿದೆಯಲ್ಲ? ಇವಳು 'ಗಂಟೆಯ ಊರು' ಕೊನೆಯ ಬಗ್ಗೆ ಬರೆದ ಲೇಖನ ಸ್ಟೇಜ್ ಮೇಲೆ ಓದ್ತಾಳೆ. ಎಲ್ಲರ ಅಪ್ಪ ಅಮ್ಮನೂ ಬರ್ಬೇಕು," ಎಂದು ಜಡೆಯಕ್ಕನ ಭುಜ ತಟ್ಟಿದರು.

ಎಲ್ಲರೂ ಎದ್ದು ಹೋದ ಮೇಲೆ ಅಂಟು ಪುಸ್ತಕವನ್ನು ಕೈಗೆತ್ತಿಕೊಂಡಳು. ಹಿಂದಿನ ರಟ್ಟಿಗೆ ಹಳದಿ ಕಾರ್ಡು ಅಂಟಿಸಿತ್ತು. ಓದಿದವರೆಲ್ಲ ಅದರ ಮೇಲೆ ಅಭಿಪ್ರಾಯ ಬರೆಯುತ್ತಿದ್ದರು. 'ಕೊನೆ ಸೂಪರ್.' 'ಇಂಥ ಕೊನೆ ಬರೆಯಲು ಧೈರ್ಯ ಬೇಕು.' ಎರಡು ವರ್ಷದಿಂದ ಬರೆದದ್ದು ಒಂದೊಂದೂ ಕೊನೆಯ ಬಗ್ಗೆಯೇ.

'ಇರಲಿ,' ಎಂದುಕೊಂಡಳು ಅಂಟು. 'ನಾನು ತೋರಿಸಿಯೇ ತೋರಿಸ್ತೀನಿ.'

*

ಅಪ್ಪನ ಅಂಗಡಿ ಮನೆಯ ಮುಂದಿನ ಕೋಣೆಯೇ. ಒಳಗೆ ಕಾಲಿಟ್ಟರೆ ಹಿಟ್ಟಿನ ಅಂಟಿನ ಹುಳಿ ವಾಸನೆ. ಒಂದು ಮೂಲೆಯಲ್ಲಿ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಇನ್ನೊಂದು ಮೂಲೆಯಲ್ಲಿ ರಟ್ಟಿನ ರಾಶಿ. ಅಪ್ಪ ಮೇಜಿನ ಮುಂದೆ ಕೂತು ದಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ.

"ಅಪ್ಪ, ಒಂದು ಪುಸ್ತಕದ ಕೊನೇ ಫಾರಂ ಇಲ್ಲ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?"

ಫಾರಂ ಎಂದರೆ ಏನೆಂದು ಅಂಟುವಿಗೆ ಓದಲು ಬರುವ ಮೊದಲೇ ಗೊತ್ತಿತ್ತು. ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗುತ್ತದೆ. ಅದನ್ನು ಮಡಚಿ ಮಡಚಿ ಇಟ್ಟರೆ ಒಂದು ಸಣ್ಣ ಕಟ್ಟು. ಅದೇ ಒಂದು ಫಾರಂ. ಅಂಥವನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಜೋಡಿಸುವಾಗ ತಪ್ಪಬಾರದೆಂದು ಪ್ರತಿ ಫಾರಂನ ಮೊದಲ ಪುಟದ ಕೆಳಗೆ ಚಿಕ್ಕದಾಗಿ ನಂಬರ್ ಹಾಕಿರುತ್ತಾರೆ.

"ನಡುವಿನ ಫಾರಂ ಹೋದ್ರೆ ಕತೆನೇ ಹೇಳುತ್ತೆ," ಎಂದ ಅಪ್ಪ. "ಕೊನೇದು ಹೋದ್ರೆ ಯಾರೂ ಓದದೇ ಇರೋ ಪುಟ ಓದ್ಬೇಕು."

"ಯಾವುದು?"

"ಹೆಸರಿನ ಪುಟದ ಬೆನ್ನು."

ಅಂಟು 'ಗಂಟೆಯ ಊರು' ಚೀಲದಿಂದ ತೆಗೆದು ಆ ಪುಟ ತಿರುಗಿಸಿದಳು. ಪ್ರಕಾಶಕರ ವಿಳಾಸ, ಬೆಲೆ, ಮೊದಲ ಮುದ್ರಣ. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಇತ್ತು: 'ಪುಟಗಳು: 224.'

ಕೊನೆಯ ಪುಟ ನೋಡಿದಳು. 208. ಫಾರಂಗಳ ನಂಬರ್ ನೋಡಿದಳು. ಹದಿಮೂರಕ್ಕೆ ನಿಂತಿತ್ತು.

"ಹದಿನಾರು ಪುಟ ಇಲ್ಲ! ಒಂದು ಫಾರಂ ಪೂರ್ತಿ ಇಲ್ಲ!" ಅಂಟು ಕುಣಿದೇಬಿಟ್ಟಳು. "ನಾನು ಹೇಳ್ಲಿಲ್ವಾ? ಹೇಳ್ಲಿಲ್ವಾ? ಜಡ್ಜ್ ಅಣ್ಣನ ಮುಖ ನೋಡ್ಬೇಕು ನಾನು! ಅಪ್ಪ, ಯಾವ ಬೈಂಡರ್ ಇಷ್ಟು ದಡ್ಡ? ಒಂದಿಡೀ ಫಾರಂ ನುಂಗಿದಾನೆ!"

ಅಪ್ಪ ನಗಲಿಲ್ಲ. ಪುಸ್ತಕ ತೆಗೆದುಕೊಂಡು ಬೆನ್ನಿನ ಬಟ್ಟೆಯ ಮೇಲೆ ಬೆರಳು ಓಡಿಸಿದ. ನಡುಪುಟ ತೆರೆದು ದಾರದ ಗಂಟು ನೋಡಿದ.

"ಈ ಗಂಟು ನಂದು," ಎಂದ ಮೆಲ್ಲಗೆ. "ಎರಡು ವರ್ಷದ ಹಿಂದೆ ಲೈಬ್ರರಿಯೋರು ಹರಿದ ಪುಸ್ತಕ ಅರವತ್ತೆರಡು ಕೊಟ್ಟಿದ್ರು. ಹಳೇ ಹೊಲಿಗೆ ಬಿಚ್ಚಿ ಹೊಸದಾಗಿ ಕಟ್ಟಿದ್ದು ನಾನೇ."

ಅಂಟುವಿನ ಕುಣಿತ ಅಲ್ಲೇ ನಿಂತಿತು. ದಡ್ಡ ಎಂದದ್ದು ಅಪ್ಪನನ್ನೇ!

ಅಪ್ಪ ಕೊನೆಯ ಖಾಲಿ ಹಾಳೆಯ ಒಳಮೂಲೆ ನೋಡಿದ. ಫಾರಂ ಎಣಿಸಿದವರು ಅಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕುವುದು ಅಂಗಡಿಯ ಪದ್ಧತಿ. ಅಪ್ಪನ ಗುರುತು ಒಂದು ಅಡ್ಡಗೆರೆ. ಅಲ್ಲಿ ಅಡ್ಡಗೆರೆ ಇರಲಿಲ್ಲ. ಸೊಟ್ಟಗೆ, ಐದು ಮೂಲೆಯ ಒಂದು ಪುಟ್ಟ ನಕ್ಷತ್ರ ಇತ್ತು.

ಆ ನಕ್ಷತ್ರವನ್ನು ಅಂಟು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಆಗ ಅವಳಿಗೆ ಒಂಬತ್ತು. ಎಣಿಸುವ ಕೆಲಸ ಅಪ್ಪ ಅವಳಿಗೆ ಬಿಟ್ಟ ಮೊದಲ ರಜೆ. ಅಡ್ಡಗೆರೆ ಬೋರು ಎಂದು ನಕ್ಷತ್ರ ಹಾಕುತ್ತಿದ್ದಳು.

"ಅಪ್ಪ... ಇದು ನಾನು."

"ನೀನು ಎಣಿಸಿದ್ಮೇಲೆ ನಾನೊಂದ್ಸಲ ಎಣಿಸ್ಬೇಕಿತ್ತು. ಅವಸರ ಮಾಡ್ದೆ. ಅಂಗಡಿ ನಂದು, ತಪ್ಪೂ ನಂದೇ."

"ನಕ್ಷತ್ರ ನಂದು," ಎಂದಳು ಅಂಟು. ಅವಳ ಕಣ್ಣು ತುಂಬಿತ್ತು.

ಅಪ್ಪ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟ. "ನೋಡು ಮಗಳೇ, ಈ ತಿಂಗಳು ಇನ್ನೂ ಎಂಬತ್ತು ಪುಸ್ತಕ ಕಳಿಸ್ತೀನಿ ಅಂದಿದಾರೆ ಮೇಡಂ. ಈಗ ಹೋಗಿ ಹೀಗಾಯ್ತು ಅಂದ್ರೆ ಕಳಿಸ್ತಾರೋ ಇಲ್ವೋ. ಹೇಳ್ಬೇಡ ಅಂತಿಲ್ಲ. ನಿಂಗೂ ಗೊತ್ತಿರ್ಲಿ ಅಂತ ಹೇಳ್ದೆ."

ಅಂಟು ಮೆಟ್ಟಿಲ ಮೇಲೆ ಹೋಗಿ ಕೂತಳು. ಸುಮ್ಮನಿದ್ದುಬಿಟ್ಟರೆ? ಎರಡು ವರ್ಷ ಯಾರಿಗೂ ಗೊತ್ತಾಗಿಲ್ಲ, ಇನ್ನೆರಡು ವರ್ಷವೂ ಗೊತ್ತಾಗುವುದಿಲ್ಲ. ಅಪ್ಪನಿಗೆ ಕೆಲಸ ಬರುತ್ತದೆ. ಗುಂಪಿನಲ್ಲಿ ಪೆದ್ದಿ ಅನ್ನಿಸಿಕೊಂಡರೆ ಅನ್ನಿಸಿಕೊಂಡಾಯಿತು.

ಆದರೆ ಜಡೆಯಕ್ಕ ಭಾನುವಾರ ಅಷ್ಟು ಜನರ ಮುಂದೆ ನಿಂತು, ಕೊನೆಯೇ ಅಲ್ಲದ ಕೊನೆಯ ಬಗ್ಗೆ ಓದುತ್ತಾಳೆ. ಬೇರೆ ಪ್ರತಿ ಓದಿದವರು ಯಾರಾದರೂ ಆ ಸಭೆಯಲ್ಲಿದ್ದರೆ? ಎದ್ದು ನಿಂತು ನಕ್ಕರೆ? ಇವತ್ತು ಬಿಸಿಯಾಗಿದ್ದ ತನ್ನ ಕಿವಿ ಅಂಟುವಿಗೆ ನೆನಪಾಯಿತು. ಸ್ಟೇಜ್ ಮೇಲೆ ಅದು ಇನ್ನೆಷ್ಟು ಬಿಸಿಯಾಗುತ್ತದೋ!

ಅವಳು ಎದ್ದು ಒಳಗೆ ಬಂದಳು. "ಅಪ್ಪ, ಶನಿವಾರ ನಾನೇ ಹೇಳ್ತೀನಿ. ಅದಕ್ಕೆ ಮೊದ್ಲು ಆ ಫಾರಂ ಹುಡುಕ್ಬೇಕು."

"ಎರಡು ವರ್ಷ ಆಯ್ತಲ್ಲೇ!"

"ನಮ್ಮ ಅಂಗಡಿಯಿಂದ ಒಂದು ಚೂರು ಕಾಗದ ಹೊರಗೆ ಹೋಗಲ್ಲ ಅಂತ ಅಮ್ಮ ದಿನಾ ಬೈತಾಳಲ್ಲ? ಹಾಗಾದ್ರೆ ಇಲ್ಲೇ ಇರ್ಬೇಕು."

*

ಮರುದಿನ, ಭಾನುವಾರ, ಬೆಳಿಗ್ಗೆಯಿಂದಲೇ ಹುಡುಕಾಟ. ರಟ್ಟಿನ ರಾಶಿ ಕೆಡವಿದರು. ಚೂರುಕಾಗದದ ಮೂಟೆ ಬಿಚ್ಚಿ ಸುರಿದರು. ಪ್ರೆಸ್ಸಿನ ಹಿಂದೆ ಟಾರ್ಚ್ ಹಾಕಿ ನೋಡಿದರು. ಅಮ್ಮ ಎರಡು ವರ್ಷದಿಂದ ಹುಡುಕುತ್ತಿದ್ದ ಕತ್ತರಿ ಸಿಕ್ಕಿತು. ಫಾರಂ ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಸೋತು ಕೂತ. "ಸಾಕು ಪುಟ್ಟಿ."

"ಇನ್ನೊಂದು ಜಾಗ ಇದೆ," ಎಂದಳು ಅಂಟು. ಅವಳು ಮೇಜಿನ ಮೇಲಿನ ಅಂಟಿನ ಬೋಗುಣಿಯನ್ನೇ ದಿಟ್ಟಿಸುತ್ತಿದ್ದಳು.

ಬೋಗುಣಿಯ ಕೆಳಗೆ ಕಾಗದ ಹಾಸುತ್ತಿದ್ದರು. ಅದು ಅಂಟಂಟಾದಾಗ ತೆಗೆಯಲು ಸೋಮಾರಿತನ, ಮೇಲೊಂದು ಹೊಸ ಕಾಗದ ಹಾಸುವುದು. ಹೀಗೆ ಹಾಸಿ ಹಾಸಿ ಅಲ್ಲೊಂದು ದಪ್ಪ ಹಲಗೆಯೇ ಆಗಿಬಿಟ್ಟಿತ್ತು. ಅಪ್ಪ ಉಳಿ ಹಾಕಿ ಅದನ್ನು ಮೇಜಿನಿಂದ ಎಬ್ಬಿಸಿದ. ಅಂಟು ಬದಿಗೆ ಕಣ್ಣಿಟ್ಟು ನೋಡಿದಳು. ಪೇಪರ್, ಪೇಪರ್, ಕಂದು ಕಾಗದ, ಪೇಪರ್. ತಳದಿಂದ ಸ್ವಲ್ಪ ಮೇಲೆ ಮಡಚಿದ ಬಿಳಿ ಅಂಚು.

"ಅಪ್ಪ! ಫಾರಂ!"

"ಎಳೀಬೇಡ!" ಎಂದು ಅಪ್ಪ ಕೂಗಿದ. "ಹಿಟ್ಟಿನ ಅಂಟು ನೀರಿಗೆ ಬಿಡುತ್ತೆ. ಆದ್ರೆ ತಾಳ್ಮೆ ಬೇಕು."

ದೊಡ್ಡ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಆ ಗಟ್ಟಿಯನ್ನು ಮುಳುಗಿಸಿಟ್ಟರು. ಅರ್ಧ ಗಂಟೆಗೊಮ್ಮೆ ಒಂದು ಪದರ ಬಿಡುತ್ತಿತ್ತು. ಅಂಟು ಬೆರಳ ತುದಿಯಿಂದ ಒಂದೊಂದೇ ಪದರ ಬಿಡಿಸಿದಳು. ಗೆಳತಿಯರು ಆಟಕ್ಕೆ ಕರೆದರು, ಹೋಗಲಿಲ್ಲ. ಬೆರಳುಗಳು ನೆನೆದು ಸುಕ್ಕಾದವು, ಸೊಂಟ ನೋಯಿತು, ಏಳಲಿಲ್ಲ. ಹುಡುಗಿ ಹಟ ಹಿಡಿದರೆ ಅವಳಪ್ಪನ ಪ್ರೆಸ್ಸಿಗಿಂತ ಬಿಗಿ.

ಸಂಜೆಯ ಹೊತ್ತಿಗೆ ಎಂಟು ಹಾಳೆ, ಹದಿನಾರು ಪುಟ, ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಮೊದಲ ಪುಟದ ಕೆಳಗೆ ಕಂಡೂ ಕಾಣದಂತೆ ನಂಬರ್ ಇತ್ತು, ಹದಿನಾಲ್ಕು.

ಅಂಟು ಉಸಿರು ಬಿಗಿಹಿಡಿದು ಓದಿದಳು. ಇನ್ನೂರ ಹದಿನೇಳನೇ ಪುಟಕ್ಕೆ ಬಂದಾಗ ಎಗರಿ ಕೂತಳು. "ಗಂಟು! ತಮ್ಮ ಗಂಟು ಬಿಚ್ಚಿದ, ಅಪ್ಪ!"

ಕೊನೆಯ ಪುಟ ಮಾತ್ರ ಹಟ ಮಾಡಿತು. ಹಿಟ್ಟಿನ ಅಂಟನ್ನು ಎಲ್ಲಕ್ಕಿಂತ ಹೆಚ್ಚು ಹೀರಿದ್ದು ಅದೇ. ಬಿಡಿಸುವಾಗ ಎಷ್ಟೇ ಜಾಗ್ರತೆ ಮಾಡಿದರೂ, ಕೆಳಗಿನ ಸಾಲಿನಲ್ಲಿ ಹೆಬ್ಬೆರಳಗಲದ ಒಂದು ಚೂರು ಪೇಪರಿಗೇ ಅಂಟಿಕೊಂಡು ಮುದ್ದೆಯಾಯಿತು.

"ಹೋಯ್ತು," ಎಂದ ಅಪ್ಪ.

ಹೋದದ್ದು ಒಂದೇ ಒಂದು ಪದ. ಪುಸ್ತಕದ ಕಟ್ಟಕಡೆಯ ಪದ.

*

ಶನಿವಾರ ನಾಲ್ಕು ಗಂಟೆಗೆ ಅಂಟು ಲೈಬ್ರರಿಯ ಮೆಟ್ಟಿಲು ಹತ್ತಿದಳು. ಅಪ್ಪ ಕೆಳಗೆ ಸೈಕಲ್ ಹಿಡಿದು ನಿಂತಿದ್ದ. "ನಾನೂ ಬರ್ಲಾ?" ಎಂದು ಮೂರನೇ ಸಲ ಕೇಳಿದ.

"ಬೇಡಪ್ಪ. ಎಣಿಸಿದ್ದು ನಾನು."

ಮಹಡಿ ಕೋಣೆಯಲ್ಲಿ ಎಲ್ಲರೂ ಇದ್ದರು. ಲೈಬ್ರರಿ ಮೇಡಂ ಕೂಡ. ಜಡೆಯಕ್ಕ ನಾಳೆಯ ಲೇಖನವನ್ನು ಕೈಯಲ್ಲಿ ಹಿಡಿದು ಪ್ರಾಕ್ಟೀಸ್ ಮಾಡುತ್ತಿದ್ದಳು. ಕೂತರೆ ಮತ್ತೆ ಏಳಲು ಆಗುವುದಿಲ್ಲವೆಂದು ಅಂಟು ನಿಂತೇ ಹೇಳಿಬಿಟ್ಟಳು.

ಯಾರೂ ಓದದ ಪುಟ ತೋರಿಸಿದಳು. ಇನ್ನೂರ ಇಪ್ಪತ್ನಾಲ್ಕು, ಇನ್ನೂರ ಎಂಟು. ನಕ್ಷತ್ರ ತೋರಿಸಿದಳು. "ಇದು ನನ್ನ ಗುರುತು. ನಾನು ತಪ್ಪು ಎಣಿಸಿದೆ. ಫಾರಂ ಅಂಟಿನ ಬೋಗುಣಿ ಕೆಳಗೆ ಇತ್ತು. ಅಪ್ಪಂದು ತಪ್ಪಿಲ್ಲ ಮೇಡಂ. ಅಂದ್ರೆ, ಅಪ್ಪ ಆಮೇಲೆ ಎಣಿಸ್ಲಿಲ್ಲ, ಅಷ್ಟೇ."

ಜಡ್ಜ್ ಕುರ್ಚಿ ಒಮ್ಮೆಯೂ ಕಿರ್ ಎನ್ನಲಿಲ್ಲ.

ಜಡೆಯಕ್ಕನ ಮುಖ ಬಿಳುಚಿಕೊಂಡಿತು. "ಎರಡು ವರ್ಷ," ಎಂದಳು. "ಎರಡು ವರ್ಷದಿಂದ ನಾನು ಈ ಕೊನೆ ಬಗ್ಗೆ ಎಲ್ಲರಿಗೂ ಭಾಷಣ ಬಿಗಿದಿದೀನಿ. ಅದು ಕೊನೆನೇ ಅಲ್ವಾ?"

"ಸಾರಿ ಅಕ್ಕ," ಎಂದಳು ಅಂಟು. ಗೆದ್ದರೆ ಹೀಗೆ ಅನ್ನಿಸುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಜಡ್ಜ್ ಅಣ್ಣನ ಮುಖ ನೋಡಬೇಕೆಂದಿದ್ದಳು, ಈಗ ನೋಡಲೂ ಮನಸ್ಸಾಗಲಿಲ್ಲ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಆವಾಗ ಕಟ್ಟಿದ ಅರವತ್ತೆರಡರಲ್ಲಿ ಬೇರೆ ಯಾವುದು ಹೀಗಿದೆಯೋ ಯಾರಿಗೆ ಗೊತ್ತು? ಅಷ್ಟನ್ನೂ ಪರೀಕ್ಷೆ ಮಾಡ್ಬೇಕು. ಅದು ಮುಗಿಯೋವರೆಗೂ ಹೊಸ ಪುಸ್ತಕ ಬೈಂಡಿಂಗಿಗೆ ಕಳಿಸೋಕಾಗಲ್ಲಮ್ಮ."

ನ್ಯಾಯವಾದ ಮಾತು. ಆದರೂ ಅಂಟುವಿಗೆ ಕೆಳಗೆ ಕಾಯುತ್ತಿದ್ದ ಅಪ್ಪ ನೆನಪಾದ. "ನಾನೇ ಮಾಡ್ತೀನಿ ಮೇಡಂ. ಇವತ್ತೇ."

"ಮೊದ್ಲು ಆ ಹದಿನಾರು ಪುಟ ಓದೋಣ," ಎಂದಳು ಜಡೆಯಕ್ಕ ಇದ್ದಕ್ಕಿದ್ದಂತೆ. "ನಂಗೆ ಗೊತ್ತಾಗ್ಬೇಕು."

ಸರದಿಯಂತೆ ಜೋರಾಗಿ ಓದಿದರು. ಕಲೆಯಾಗಿ ಕಾಣದ ಕಡೆ ಊಹಿಸಿ ಓದಿದರು. ತಮ್ಮ ಗಂಟು ಬಿಚ್ಚುತ್ತಾನೆ. ಅದರೊಳಗೆ ಇನ್ನೊಂದು ಪುಟ್ಟ ಮಡಕೆ, ತಳದಲ್ಲಿ ಒಂದು ತೂತು. ಅಕ್ಕ ಮರಳಿ ಬಾರದೆ ಹೋದರೂ ಹೊತ್ತು ಅಳೆಯಲು ಒಬ್ಬರು ಇರಬೇಕಲ್ಲ! ಅವನು ಚೌಕದ ನಡುವೆ ಕೂತು ಹನಿ ಎಣಿಸುತ್ತಾನೆ. ನೋಡುತ್ತಿದ್ದವರೂ ಒಬ್ಬೊಬ್ಬರಾಗಿ ಅವನ ಜೊತೆ ಎಣಿಸಲು ಶುರುಮಾಡುತ್ತಾರೆ. ಮೇಲೆ ಹುಡುಗಿಗೆ ಆ ದನಿ ಕೇಳಿಸುತ್ತದೆ. ಅವಳು ಹಗ್ಗ ಎಳೆಯುವುದಿಲ್ಲ, ಕೈ ಬಿಡುತ್ತಾಳೆ.

"ಅಯ್ಯೋ, ಗಂಟಲ್ಲಿ ಮಡಕೆ!" ಎಂದ ಫೈಟು. "ನಾನು ಚಾಕು ಅಂದ್ಕೊಂಡಿದ್ದೆ."

ಕೊನೆಯ ಸಾಲು ಜಡೆಯಕ್ಕ ಓದಿದಳು. "'ಮರುದಿನ ಬೆಳಿಗ್ಗೆ ಗಂಟೆ ಹೊಡೆಯಲಿಲ್ಲ. ಊರಿನ ಜನರೆಲ್ಲ ತಾವಾಗಿಯೇ...' ಮುಂದೆ?"

"ಮುಂದೆ ತೂತು," ಎಂದಳು ಅಂಟು ತಲೆ ತಗ್ಗಿಸಿ. "ಅದಾದ್ಮೇಲೆ ಫುಲ್‌ಸ್ಟಾಪ್ ಇದೆ."

ಎಲ್ಲರೂ ಹಾಳೆಯ ಮೇಲೆ ಬಗ್ಗಿದರು. ತಲೆಗೆ ತಲೆ ಡಿಕ್ಕಿ ಹೊಡೆಯಿತು.

"ತಾವಾಗಿಯೇ ಎದ್ದರು! ಅಷ್ಟೇ, ಇನ್ನೇನು?" ಎಂದ ಜಡ್ಜ್.

"ಅಷ್ಟು ದಿನ ದುಡಿದು ನಿದ್ದೆಗೆಟ್ಟವರು ಎದ್ದೇಳ್ತಾರಾ? ತಾವಾಗಿಯೇ ಮಲಗಿದರು!" ಎಂದ ಫೈಟು.

"ನಕ್ಕರು ಅಂತಾನೂ ಇರ್ಬಹುದು," ಎಂದಳು ಜಡೆಯಕ್ಕ. ಅವಳ ಕಣ್ಣಿಗೆ ಸ್ವಲ್ಪ ಹೊಳಪು ಮರಳಿತ್ತು.

ಜಗಳ ಐದು ನಿಮಿಷ ನಡೆಯಿತು. ಕೊನೆಗೆ ಜಡ್ಜ್ ಪೆನ್ನು ತೆಗೆದು ಗಂಭೀರವಾಗಿ ಘೋಷಿಸಿದ. "ಏಳೂವರೆ. ಹಳೇ ಕೊನೆನೇ ಚೆನ್ನಾಗಿತ್ತು. ಆದ್ರೆ ಗಂಟಿನ ವಿಷಯದಲ್ಲಿ..." ಅಂಟುವಿನ ಕಡೆ ನೋಡದೆ ಹೇಳಿದ, "ನೀನು ಹೇಳಿದ್ದು ಸರಿ."

ಆಮೇಲೆ ಎದ್ದು ಅಂಗಿಯ ತೋಳು ಮಡಚಿದ. "ಎಲ್ಲಿವೆ ಆ ಅರವತ್ತೆರಡು ಪುಸ್ತಕ? ನಾನು ಪುಟಸಂಖ್ಯೆ ಕೂಗ್ತೀನಿ, ನೀವು ಕೊನೇ ಪುಟ ನೋಡಿ."

ಓದಲು ಹೋದ ನಾಲ್ಕನ್ನು ಬಿಟ್ಟು ಉಳಿದವೆಲ್ಲ ಮೇಜಿನ ಮೇಲೆ ಬಂದವು. "ನೂರ ನಲವತ್ತನಾಲ್ಕು!" "ಇದೆ!" "ನೂರ ಎಪ್ಪತ್ತಾರು!" "ಇದೆ!" ಪ್ರತಿ ಸಲ 'ಇದೆ' ಕೇಳಿದಾಗ ಅಂಟು ಆ ಪುಸ್ತಕವನ್ನು ಸರಿಯಾದವುಗಳ ಸಾಲಿಗೆ ಸರಿಸಿದಳು. ಐವತ್ತೇಳು ಪುಸ್ತಕಕ್ಕೂ 'ಇದೆ' ಎಂದೇ ಬಂತು. ಕಿಟಕಿಯಿಂದ ಇಣುಕಿದರೆ ಅಪ್ಪ ಇನ್ನೂ ಸೈಕಲ್ ಹಿಡಿದೇ ನಿಂತಿದ್ದ.

"ಉಳಿದ ನಾಲ್ಕು ವಾಪಸ್ ಬರ್ಲಿ, ನೋಡಿ ಆಮೇಲೆ ಅಪ್ಪನಿಗೆ ಹೇಳಿಕಳಿಸ್ತೀನಿ," ಎಂದರು ಮೇಡಂ. "ಮತ್ತೆ, ಇವಳ ಓಟಿಂಗ್ ಏನಾಯ್ತು?"

"ಇಷ್ಟು ಪುಸ್ತಕ ಎಣಿಸಿ ಸುಸ್ತಾಗಿದೆ ಮೇಡಂ," ಎಂದ ಫೈಟು. "ಕೈ ಎತ್ತೋಕೂ ಶಕ್ತಿ ಇಲ್ಲ. ಇರ್ಲಿ ಬಿಡಿ ಅವಳು."

ಮರುದಿನ ಜಡೆಯಕ್ಕ ಸ್ಟೇಜ್ ಮೇಲೆ ಅದೇ ಲೇಖನ ಓದಿದಳು. ಒಂದು ಸಾಲೂ ತೆಗೆದುಹಾಕಿರಲಿಲ್ಲ. ಕೊನೆಗೆ ಮಾತ್ರ ಹೊಸದಾಗಿ ಎರಡು ಸಾಲು ಸೇರಿಸಿದ್ದಳು. 'ನಾನು ಓದಿದ್ದು ಈ ಪುಸ್ತಕದ ಕೊನೆ ಅಲ್ಲ ಅಂತ ನಿನ್ನೆ ಗೊತ್ತಾಯಿತು. ಆದರೆ ಅದನ್ನು ಓದಿ ನಾನು ಯೋಚಿಸಿದ್ದು ಮಾತ್ರ ನನ್ನದೇ.' ಹಿಂದಿನ ಸಾಲಿನಲ್ಲಿ ಕೂತಿದ್ದ ಅಂಟು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು.

*

ಉಳಿದ ನಾಲ್ಕು ಪುಸ್ತಕಗಳೂ ಸರಿಯಾಗಿದ್ದವು. ಎಂಬತ್ತು ಪುಸ್ತಕಗಳ ಕಟ್ಟು ಅಂಗಡಿಗೆ ಬಂತು. ಈಗ ಪ್ರತಿ ಪುಸ್ತಕದ ಮೂಲೆಯಲ್ಲೂ ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಅಡ್ಡಗೆರೆ.

ಅಪ್ಪ ಹದಿನಾಲ್ಕನೇ ಫಾರಂ ಸೇರಿಸಿ 'ಗಂಟೆಯ ಊರು' ಮತ್ತೆ ಹೊಲಿದ. ಕಲೆಯಾದ ಪುಟಗಳು ಉಬ್ಬಿಕೊಂಡು, ಪುಸ್ತಕ ತುಸು ಊದಿಕೊಂಡಂತೆ ಕಾಣುತ್ತಿತ್ತು.

ಅಂಟು ಪ್ರಕಾಶಕರಿಗೆ ಕಾಗದ ಬರೆದಿದ್ದಳು. ಮೂರು ಸಲ ಹರಿದು, ನಾಲ್ಕನೇ ಸಲ ಬರೆದದ್ದನ್ನು ಪೋಸ್ಟಿಗೆ ಹಾಕಿದಳು. 'ಪುಟ 224ರ ಕೊನೆಯ ಪದ ನನ್ನಿಂದ ಹಾಳಾಗಿದೆ. ದಯವಿಟ್ಟು ತಿಳಿಸಿ. ಆದರೆ ಅದೊಂದು ಪದವನ್ನು ಬೇರೆ ಲಕೋಟೆಯಲ್ಲಿ ಹಾಕಿ, ಅಂಟಿಸಿ ಕಳಿಸಿ.'

ಮೂರು ವಾರಕ್ಕೆ ಉತ್ತರ ಬಂತು. ಒಳಗೆ ಅಂಗೈಯಗಲದ ಒಂದು ಪುಟ್ಟ ಲಕೋಟೆ, ಬಿಗಿಯಾಗಿ ಅಂಟಿಸಿದ್ದು.

ಅಂಟು ಅದನ್ನು ಬಿಚ್ಚಲಿಲ್ಲ. ಹಿಂದಿನ ರಟ್ಟಿಗೆ 224ನೇ ಪುಟದ ಪಕ್ಕದಲ್ಲೇ ಒಂದು ಕಾಗದದ ಜೇಬು ಅಂಟಿಸಿ, ಲಕೋಟೆಯನ್ನು ಅದರೊಳಗೆ ಇಟ್ಟಳು. ಹೊಸ ಹಳದಿ ಕಾರ್ಡಿನ ಮೇಲೆ ದುಂಡಗೆ ಬರೆದಳು: 'ಮೊದಲು ನಿಮ್ಮ ಪದ ಬರೆಯಿರಿ. ಗುಂಪಿನವರೆಲ್ಲ ಬರೆದ ಮೇಲೆ ಬಿಚ್ಚೋಣ.'

ಶನಿವಾರ ಕಾರ್ಡು ಕೈಯಿಂದ ಕೈಗೆ ಹೋಯಿತು. ಜಡ್ಜ್ 'ಎದ್ದರು' ಎಂದು ಬರೆದು ಕೆಳಗೆ ಗೆರೆ ಎಳೆದ. ಫೈಟು 'ಮಲಗಿದರು' ಎಂದು ಬರೆದು, ಹೊಡೆದುಹಾಕಿ, 'ಓಡಿದರು' ಎಂದು ಬರೆದ. ಜಡೆಯಕ್ಕ ತುಂಬ ಹೊತ್ತು ಕೂತಳು. ಕೊನೆಗೆ ಬರೀ ಮೂರು ಚುಕ್ಕೆ ಇಟ್ಟು ನಕ್ಕಳು.

ಕೊನೆಗೆ ಅಂಟುವಿನ ಸರದಿ. ಉಳಿದವಳು ಅವಳೊಬ್ಬಳೇ.

"ಬೇಗ ಬರಿಯೇ!" ಎಂದ ಜಡ್ಜ್. "ನೀನು ಬರೆದ್ರೆ ಬಿಚ್ಬಹುದು. ಕೊನೆ ಬೇಕು ಕೊನೆ ಬೇಕು ಅಂತ ಕುಣೀತಿದ್ದೋಳು ನೀನೇ ತಾನೇ?"

ಅಂಟು ಪೆನ್ಸಿಲ್ ಹಿಡಿದಳು. ಎದ್ದರು ಎನ್ನಬಹುದು. ಎಣಿಸಿದರು ಎಂದೂ ಎನ್ನಬಹುದು. ಆ ತಮ್ಮ ಆ ಬೆಳಿಗ್ಗೆ ಏನು ಮಾಡಿರುತ್ತಾನೆ? ಅವನ ಬಗ್ಗೆ ಹದಿನೈದನೇ ಪುಟದಲ್ಲಿ ಏನೋ ಒಂದು ಮಾತು ಇತ್ತಲ್ಲ, ಏನದು?

ಲಕೋಟೆ ಜೇಬಿನಿಂದ ಇಣುಕುತ್ತಿತ್ತು. ಅದು ಅಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ.

"ಮುಂದಿನ ವಾರ ಬರೀತೀನಿ ಅಣ್ಣ," ಎಂದಳು ಅಂಟು.

ಎಲ್ಲರೂ ಗೊಣಗುತ್ತಿದ್ದಂತೆಯೇ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲನೇ ಪುಟ ತೆರೆದಳು.